ದೇವರ ಮೇಲಧಿಕಾರಿ ಯಾರು?

ದೇವರು ಬೇರೆ, ಸರ್ಕಾರ ಬೇರೆ ಅಂತ ಓದಿಕೊಂಡೇ ನಾನು ಕಂದಾಯ ಇಲಾಖೆಗೆ ಸೇರಿದ್ದು. ಆದರೆ ಶಿವಮೊಗ್ಗ, ಭದ್ರಾವತಿ ಎಲ್ಲೇ ಕೆಲಸ ಮಾಡಲಿ, ವಾರಕ್ಕೊಮ್ಮೆಯಾದರೂ ಅವರಿಬ್ಬರೂ ಜೊತೆಯಾಗಿ ಬಂದು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದರು.

ಅಜ್ಜಿಯ ದೂರು

ಹೊಳಲೂರು ಕಡೆಯ ಅಜ್ಜಿಯೊಬ್ಬರು ಒಂದು ದಿನ ಆಫೀಸಿಗೆ ಬಂದರು. ಮೊಮ್ಮಗಳಿಗೆ ಗಂಡು ಸಿಗಲಿ ಅಂತ ಹರಕೆ ಹೊತ್ತಿದ್ದರಂತೆ. ಇನ್ನೂ ಸಿಕ್ಕಿರಲಿಲ್ಲ.

"ಅದಕ್ಕೆ ಇಲ್ಲಿಗ್ಯಾಕೆ ಬಂದ್ರಿ ಅಜ್ಜಿ?"

"ಗುಡಿ ಮುಂದೆ ಮುಜರಾಯಿ ಅಂತ ಬೋರ್ಡ್ ಹಾಕಿದ್ದೀರಲ್ಲ. ನಿಮ್ದೇ ಅಲ್ವಾ?"

"ಗುಡಿ ಮಾತ್ರ ಸರ್ಕಾರದ್ದು. ದೇವ್ರು ನಮ್ಮ ಕೈಯಲ್ಲಿಲ್ಲ."

"ಮತ್ತೆ ಅವನ ಮೇಲಧಿಕಾರಿ ಯಾರು?"

ನಾನು ಅವರನ್ನು ಕೂರಿಸಿ ಕಾಫಿ ತರಿಸಿದೆ. ಕುಡಿದು ಲೋಟ ಇಟ್ಟು ಹೇಳಿದರು: "ಗುಡೀಲಿ ಕೇಳಿದ್ರೆ ಪೂಜಾರಿ ನಿಮ್ಮ ಕಡೆ ಕೈ ತೋರಿಸ್ತಾನೆ. ಇಲ್ಲಿಗೆ ಬಂದ್ರೆ ನೀನು ದೇವ್ರ ಕಡೆ ಕೈ ತೋರಿಸ್ತೀಯ. ಇಬ್ರೂ ಸೇರಿ ನಮ್ಮ ಹುಡುಗಿ ಮದುವೆ ತಡ ಮಾಡ್ತಿದ್ದೀರಿ, ಅಷ್ಟೇ."

ಗೋಡೆಯ ಮೇಲಿನ ಸರಸ್ವತಿ

ಭದ್ರಾವತಿಯ ಶಾಲೆಯೊಂದರಲ್ಲಿ ಮತಗಟ್ಟೆ. ನಾನು ಅಲ್ಲಿನ ಅಧಿಕಾರಿ. ಮತದಾನ ಶುರುವಾಗುವ ಮೊದಲೇ ಒಂದು ಪಕ್ಷದ ಏಜೆಂಟ್ ಗೋಡೆಯ ಮೇಲಿನ ಸರಸ್ವತಿ ಫೋಟೋ ತೋರಿಸಿ, "ಮೇಡಂ, ಇದು ಧರ್ಮದ ವಿಷಯ, ಮುಚ್ಚಿಸಿ" ಅಂದ. ಜಗಳ ಯಾಕೆ ಅಂತ ಕೈಗೆ ಸಿಕ್ಕ ನ್ಯೂಸ್ ಪೇಪರನ್ನೇ ಅದರ ಮೇಲೆ ಅಂಟಿಸಿದೆ. ತಕ್ಷಣ ಎದುರು ಪಕ್ಷದವನು ಎದ್ದ. ನೋಡಿದರೆ ಆ ಪುಟದ ಜಾಹೀರಾತಿನಲ್ಲಿ ಮೊದಲಿನವನ ಅಭ್ಯರ್ಥಿಯೇ ಕೈ ಮುಗಿದು ನಿಂತಿದ್ದಾರೆ, ಸರಸ್ವತಿ ಇದ್ದ ಜಾಗದಲ್ಲೇ.

ಇಬ್ಬರೂ ನನ್ನ ಮೇಲೆ ಬಿದ್ದರು. ಆಗ ಪಕ್ಷೇತರನ ಏಜೆಂಟ್, ಕಾರ್ಖಾನೆಯಿಂದ ನಿವೃತ್ತರಾದ ತಮಿಳು ಹಿರಿಯರು, ನಿಧಾನವಾಗಿ ಹೇಳಿದರು: "ಪೇಪರ್ ತೆಗೀರಿ ಅಮ್ಮಾ. ಆ ತಾಯಿ ಯಾರ ಹತ್ರಾನೂ ಓಟು ಕೇಳಿದವಳಲ್ಲ."

ಶಾಂತಿ ಸಭೆ

ಒಂದು ವರ್ಷ ಶಿವಮೊಗ್ಗದಲ್ಲಿ ಗಣಪತಿ ವಿಸರ್ಜನೆ, ಈದ್ ಮಿಲಾದ್ ಮೆರವಣಿಗೆ ಎರಡೂ ಒಂದೇ ದಿನ ಬಿದ್ದವು. ಊರೆಲ್ಲ ಉಸಿರು ಬಿಗಿಹಿಡಿದಿತ್ತು. ವಿನೋಬನಗರದಿಂದ ನಮ್ಮಮ್ಮ ಬೆಳಿಗ್ಗೆಯಿಂದ ಫೋನ್: "ಸಭೆ ಮುಗೀತಿದ್ದಂಗೆ ಮನೆಗೆ ಬಾರೇ." ತಹಶೀಲ್ದಾರರು ಸಮಾಧಾನದ ಭಾಷಣ ಬಾಯಿಪಾಠ ಮಾಡಿಕೊಂಡಿದ್ದರು.

ಅವರು ಬಾಯಿ ತೆರೆಯುವ ಮೊದಲೇ ಗಣಪತಿ ಸಮಿತಿಯ ಹಿರಿಯರು ಎದ್ದರು. "ಅವರ ಹಬ್ಬ ಆಗ್ಲಿ. ನಾವು ಎರಡು ದಿನ ಆದ್ಮೇಲೆ ಗಣಪತಿ ಬಿಡ್ತೀವಿ."

ಮಸೀದಿಯ ಹಿರಿಯರು ಒಪ್ಪಲಿಲ್ಲ. "ಅದೆಲ್ಲ ಆಗಲ್ಲ. ಕೂತ ಗಣಪತೀನ ಕಾಯಿಸಬಾರ್ದು. ಮೆರವಣಿಗೆ ನಾವೇ ಮುಂದಕ್ಕೆ ಹಾಕ್ತೀವಿ."

"ಮೊದಲು ಹೇಳಿದ್ದು ನಾವು."

"ಹೇಳಿದ್ರೆ ಆಯ್ತಾ? ಪ್ರತಿ ಸಲ ನಿಮ್ದೇ ನಡೀಬೇಕಾ ಮಾರಾಯ್ರೇ?"

ದನಿ ಏರಿತು. ಹೊರಗಿದ್ದ ಇನ್‌ಸ್ಪೆಕ್ಟರ್ ಪೇದೆಗಳ ಜೊತೆ ಓಡಿ ಬಂದರು. "ಏನ್ ಗಲಾಟೆ?"

"ನೀವು ಮೊದಲು, ನೀವು ಮೊದಲು ಅಂತ ಸಾರ್" ಅಂದೆ.

ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಇದಕ್ಕೆ ಯಾವ ಸೆಕ್ಷನ್ ಹಾಕೋದು?"

ಕೊನೆಗೆ ತಹಶೀಲ್ದಾರರು ಚೀಟಿ ಎತ್ತಿಸಿದರು. ಗಣಪತಿಯೇ ಮೊದಲು ಅಂತ ಬಂತು. ಮಸೀದಿಯ ಹಿರಿಯರು ಗೆದ್ದವರಂತೆ ಟೀ ಹೀರಿದರು. ಗಣಪತಿ ಸಮಿತಿಯವರು ಮುಖ ಊದಿಸಿಕೊಂಡು ನನ್ನ ಕಡೆ ತಿರುಗಿದರು.

"ನೋಡಿದ್ರಾ ಮೇಡಂ? ಈ ಸರ್ಕಾರ ಯಾವಾಗ್ಲೂ ಅವರ ಮಾತೇ ನಡೆಸೋದು."