ಕೆಮ್ಮಿನ ದಾವೆ

ಕೋರ್ಟಿನ ಮೆಟ್ಟಿಲು ಹತ್ತಿದವನಿಗೆ ನಗುವಂಥ ಪ್ರಸಂಗಗಳಿಗೇನೂ ಬರವಿಲ್ಲ. ನಗುವುದಕ್ಕೆ ಮನಸ್ಸು ಮಾತ್ರ ಉಳಿದಿರುವುದಿಲ್ಲ. ದಾಂಡೇಲಿಯ ಕಾಗದದ ಗಿರಣಿಯಲ್ಲಿ ಕೆಲಸಕ್ಕಿದ್ದಾಗ ನಾನು ಪಕ್ಕದ ಮನೆಯ ಮೇಸ್ತ್ರಿಯ ಜೊತೆ ಮೂರು ವರ್ಷ ದಾವೆ ನಡೆಸಿದೆ. ಕಟ್ಟಿಗೆ ಲಾರಿಗಳ ರಿಪೇರಿ ಮಾಡುತ್ತಿದ್ದ, ಬಂಗಾರದಂಥ ಮನುಷ್ಯ. ಈಗ ಹೇಳುತ್ತೇನೆ ಬಂಗಾರದಂಥವನೆಂದು, ಆಗ ಹೇಳಲಿಲ್ಲ.

೧. ಅಪ್ಪಣೆ

ನನ್ನ ಹಿತ್ತಲಿನ ಅಂಚಿನಿಂದ ಕಾಳಿ ನದಿಗೆ ಒಂದು ಕಾಲುದಾರಿ ಇಳಿಯುತ್ತಿತ್ತು. ಎರಡೂ ಮನೆಗೆ ಅದೇ ದಾರಿ. ಕೆಳಗೆ ಹೆಂಗಸರು ಸ್ನಾನಕ್ಕಿರುತ್ತಾರೆಂದು ಗಂಡಸರು ಮೇಲೆ ನಿಂತು ಕೆಮ್ಮುವುದು, ಕೆಳಗಿನಿಂದ "ಬರ್ರಿ" ಅಂದರೆ ಇಳಿಯುವುದು ರೂಢಿ. ಒಂದು ದಿನ ಮೇಸ್ತ್ರಿ ಹೊಳೆಯಲ್ಲಿ ತೊಳೆದು ದಾರಿಯಲ್ಲಿಟ್ಟ ಲಾರಿ ಸಾಮಾನಿನ ಗ್ರೀಸು ನನ್ನ ಹೊಸ ಧೋತರಕ್ಕೆ ಮೆತ್ತಿತು. ಇನ್ನು ಈ ದಾರಿಗೆ ಬರಬೇಡ ಎಂದೆ. ದಾರಿಯ ಮೇಲೆ ತನಗೂ ಹಕ್ಕಿದೆಯೆಂದು ಅವನು ಹಳಿಯಾಳದ ಕೋರ್ಟಿಗೆ ಹೋದ.

ಅಲ್ಲಿ ನನ್ನ ವಕೀಲರು ವಾದಿಸಿದರು: ಕೆಮ್ಮಿದನೆಂದರೆ ಅಪ್ಪಣೆ ಕೇಳಿದನೆಂದೇ ಅರ್ಥ, ಅಪ್ಪಣೆ ಕೇಳುವವನಿಗೆ ಹಕ್ಕೆಲ್ಲಿಯದು? ನೀವೂ ಕೆಮ್ಮುತ್ತೀರಲ್ಲವೆ ಎಂದು ಎದುರು ವಕೀಲರು ನನ್ನನ್ನು ಕೇಳಿದರು. ಪ್ರಮಾಣ ಮಾಡಿದ ಬಾಯಿಂದಲೇ, "ಇಲ್ಲರಿ, ನನ್ನ ಜಾಗಾದಾಗ ನಾ ಯಾಕ ಕೆಮ್ಮಲಿ" ಎಂದೆ. ಮೇಸ್ತ್ರಿ ನನ್ನ ಮುಖ ನೋಡಿದ. ಸಂಜೆ ಊರಿಗಿದ್ದದ್ದು ಒಂದೇ ಬಸ್ಸು, ಇಬ್ಬರಿಗೂ ಸಿಕ್ಕಿದ್ದು ಒಂದೇ ಸೀಟು. ದಾಂಡೇಲಿ ಮುಟ್ಟುವ ತನಕ ಇಬ್ಬರೂ ಕೆಮ್ಮಲಿಲ್ಲ.

೨. ಅವ್ವ

ತೀರ್ಪಾಗುವ ತನಕ ದಾರಿ ಇದ್ದಂತೆಯೇ ಇರಲಿ ಎಂದಿತ್ತು ಕೋರ್ಟು. ಇನ್ನು ಕೆಮ್ಮಕೂಡದೆಂದು ಮೇಸ್ತ್ರಿಗೆ ಅವನ ವಕೀಲರ ತಾಕೀತು. ಒಂದು ಮುಂಜಾನೆ ಸದ್ದಿಲ್ಲದೆ ಇಳಿದವನು, ಸ್ನಾನಕ್ಕೆ ಕೂತ ನಮ್ಮ ಅವ್ವನನ್ನು ಕಂಡು ಗಾಬರಿಯಾಗಿ ಕಣ್ಣು ಮುಚ್ಚಿಕೊಂಡು ತಿರುಗಿ, ಕಾಲು ಜಾರಿ ಕೊಡದ ಸಮೇತ ಹೊಳೆಗೆ ಬಿದ್ದ. ಅವ್ವನೇ ರಟ್ಟೆ ಹಿಡಿದು ಎಳೆದಳು.

"ಒಮ್ಮೆ ಕೆಮ್ಮಿದ್ರ ಏನಾಗ್ತಿತ್ತೋ ನಿನಗ?"

"ವಕೀಲರು ಬ್ಯಾಡ ಅಂದಾರಬೇ," ಎಂದ, ನೀರು ಉಗುಳುತ್ತ.

೩. ಸ್ಥಳ ಪರೀಕ್ಷೆ

ದಾರಿ ನೋಡಲು ಕೋರ್ಟಿನ ಕಮಿಷನರ್ ಬಂದರು. ಅಷ್ಟರಲ್ಲಿ ಮೇಸ್ತ್ರಿಗೆ ನಿಜವಾದ ಕೆಮ್ಮೇ ಹತ್ತಿಕೊಂಡಿತ್ತು. ದಾರಿಯ ಮೇಲೆ ಕೆಮ್ಮಿದರೆ ದಾವೆ ಹೋಯಿತೆಂದು ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ತುರುಕಿಕೊಂಡು ನಿಂತ. ಕಣ್ಣಲ್ಲಿ ನೀರು ಬಂತು. ಕಡೆಗೆ ತಾಳಲಾರದೆ ತನ್ನ ಹಿತ್ತಲಿಗೆ ಓಡಿ, ಬಗ್ಗಿ ನಿಂತು ಹೊಟ್ಟೆತುಂಬ ಕೆಮ್ಮಿ, ಮುಖ ಒರೆಸಿಕೊಂಡು ವಾಪಸು ದಾರಿಯ ಮೇಲೆ ಬಂದು ನಿಂತ. ಕಮಿಷನರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

೪. ತೀರ್ಪು

ಗೆದ್ದೆ. ದಾರಿಗೆ ಮುಳ್ಳುಬೇಲಿ ಹಾಕಿದೆ. ಕೋರ್ಟಿಗೆ ಹೋದರೆ ಗೆದ್ದವ ಸೋತ, ಸೋತವ ಸತ್ತ ಅನ್ನುತ್ತಾರೆ. ಆ ಮಳೆಗಾಲ ಮುಗಿಯುವುದರೊಳಗೆ ಮೇಸ್ತ್ರಿ ಎದೆಯ ರೋಗದಿಂದ ಸತ್ತೇ ಹೋದ. ಅವನ ಮೈ ತೊಳೆಯಲು ನೀರು ತರುವವರು ಸುತ್ತು ಬಳಸಿ ಹೋಗುವುದನ್ನು ಕಂಡು ಬೇಲಿಯನ್ನು ಕೈಯಾರೆ ಕಿತ್ತೆ. ಅಂಗೈ ತುಂಬ ಮುಳ್ಳು. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು.

ಐದಾರು ತಿಂಗಳ ಮೇಲೆ ಒಂದು ಮುಂಜಾನೆ ಬಕೆಟ್ ಹಿಡಿದು ಹೊರಟೆ. ಕೆಳಗೆ ಕೊಡದ ಸಪ್ಪಳ ಕೇಳಿತು. ನನಗರಿವಿಲ್ಲದೆಯೇ ಕೆಮ್ಮಿದೆ.

"ಬರ್ರಿ ಅಣ್ಣಾರ," ಅಂದರು ಕೆಳಗಿನಿಂದ ಮೇಸ್ತ್ರಿಯ ಹೆಂಡತಿ.

ಅಲ್ಲೇ ಕೂತು ಅತ್ತೆ. ಕೆಮ್ಮಿದವನು ನಾನು, ಅಪ್ಪಣೆ ಕೊಟ್ಟವರು ಅವರು. ನನ್ನ ವಕೀಲರ ವಾದದ ಪ್ರಕಾರ ದಾರಿ ಅವರದೇ ಆಯಿತು. ನಾನು ಅಪೀಲಿಗೆ ಹೋಗಲಿಲ್ಲ.