ಫ್ರಿಜ್ಜಿನಲ್ಲಿದ್ದ ಕಾಲುಗಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಅತ್ತಿಗೆಯ ವರ್ಷಗಟ್ಟಲೆಯ ಸಂಶೋಧನೆಯನ್ನು ಒಂದೇ ಒಂದು ಕಾಲಿನಿಂದ ಅಲ್ಲಾಡಿಸಿದ ಪುಣ್ಯಾತ್ಮ ನಾನೇ. ನನ್ನ ಕಾಲಲ್ಲ, ಹುಳದ ಕಾಲು. ನನ್ನ ಕಾಲಿಗೆ ಅಷ್ಟು ಯೋಗ್ಯತೆ ಎಲ್ಲಿಂದ ಬರಬೇಕು?

ಅತ್ತಿಗೆ ಎಂದರೆ ನಮ್ಮಣ್ಣನ ಹೆಂಡತಿ. ಬೇರೆ ಮನೆಯ ಸೊಸೆಯರು ಬರುವಾಗ ಬೀರು, ಮಂಚ, ಮಿಕ್ಸಿ ತರುತ್ತಾರೆ. ನಮ್ಮ ಅತ್ತಿಗೆ ತಂದದ್ದು ಏರೋಪ್ಲೇನ್ ಚಿಟ್ಟೆಯ ಕಾಲುಗಳನ್ನು! ಸ್ಪಿರಿಟ್ಟು ತುಂಬಿದ ಪುಟಾಣಿ ಸೀಸೆಗಳು, ಸೀಸೆಗೊಂದು ಕಾಲು. ಸರಸ್ವತಿಪುರಂನ ನಮ್ಮ ಮನೆಯ ಫ್ರಿಜ್ಜಿನಲ್ಲಿ ಹಾಲಿನ ಪಾಕೀಟಿನ ಪಕ್ಕ ಅವು ಬಂದು ಕೂತ ದಿನ, ಮಠಕ್ಕೆ ಹೋಗದೆ ಸೋಮವಾರ ಕಳೆಯದ ನಮ್ಮಜ್ಜಿ ಫ್ರಿಜ್ಜಿನ ಬಾಗಿಲು ತೆಗೆದವರು ಮುಚ್ಚುವುದನ್ನೇ ಮರೆತರು.

“ಏನಮ್ಮ ಇದು, ಜೀವ ತೆಗೀತೀಯಾ?”

“ಇಲ್ಲ ಅಜ್ಜಿ. ಹಿಡೀತೀನಿ, ಫೋಟೋ ತೆಗೀತೀನಿ, ಒಂದು ಕಾಲು ತಗೊಂಡು ಬಿಟ್ಬುಡ್ತೀನಿ. ಇನ್ನೂ ಐದಿರ್ತವಲ್ಲ.”

ಅಜ್ಜಿ, “ಹೋಗೋವಾಗ ನಿನಗೆ ಕೈ ಮುಗಿದು ಹೋಗ್ತದಾ?” ಎಂದರು.

ಆ ಕಾಲನ್ನು ಅರೆದು, ಅದರ ಮೈಟೊಕಾಂಡ್ರಿಯದೊಳಗಿನ ಡಿಎನ್‌ಎ ತೆಗೆದು, ಹದಿನೈದು ಸಾವಿರಕ್ಕೂ ಮಿಕ್ಕ ಅಕ್ಷರಗಳನ್ನು ಓದಿಸಿ, ಒಂದು ಹುಳದ್ದನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಿ, ಯಾರಿಗೆ ಯಾರು ಹತ್ತಿರದ ನಂಟರು ಎಂದು ವಂಶದ ಮರ ಬರೆಯುವುದು ಅತ್ತಿಗೆಯ ಕೆಲಸ. ಅಕ್ಷರವೇನೋ ನಾಲ್ಕೇ: ಎ, ಟಿ, ಜಿ, ಸಿ. ಸಾರಿಗೆ ಒಗ್ಗರಣೆ ಹಾಕುತ್ತಲೂ ಅವರು ಅದನ್ನೇ ಗುನುಗುತ್ತಿದ್ದರು. ನಾನು ಹಿಂದೆ ನಿಂತು ರೇಡಿಯೋ ವಾರ್ತೆಯ ದನಿ ತೆಗೆಯುತ್ತಿದ್ದೆ: “ಎ ಎ ಟಿ ಜಿ. ಮುಖ್ಯಾಂಶಗಳು ಮತ್ತೊಮ್ಮೆ, ಎ ಎ ಟಿ ಜಿ.”

ಈ ಮೈಟೊಕಾಂಡ್ರಿಯ ತಾಯಿಯಿಂದ ಮಾತ್ರ ಬರುತ್ತದಂತೆ. ಇದನ್ನು ಕೇಳಿ ಅಜ್ಜಿಗೆ ಮೊದಲ ಬಾರಿಗೆ ವಿಜ್ಞಾನದ ಮೇಲೆ ಗೌರವ ಹುಟ್ಟಿತು.

“ಹಂಗಾದ್ರೆ ನನ್ನದು ನನ್ನ ಮಗನಿಗೆ ಬಂದದೆ?”

“ಬಂದಿದೆ ಅಜ್ಜಿ. ಆದ್ರೆ ಮಾವನಿಂದ ಮುಂದಕ್ಕೆ ಹೋಗಲ್ಲ. ಇವನಲ್ಲಿ ಇರೋದು ಇವರಮ್ಮನದು.”

ಅಜ್ಜಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ಅದಕ್ಕೇ ಇವನು ಹಿಂಗೆ.”

ಭಾನುವಾರ ಬೆಳಿಗ್ಗೆ ಬಲೆ ಹೊತ್ತು ಅತ್ತಿಗೆಯ ಹಿಂದೆ ಕುಕ್ಕರಹಳ್ಳಿ ಕೆರೆಗೆ ಹೋಗುವುದು ನನ್ನ ಉದ್ಯೋಗವಾಯಿತು. ಏರೋಪ್ಲೇನ್ ಚಿಟ್ಟೆ ಕೂತಾಗ ರೆಕ್ಕೆ ಅಗಲಿಸಿಕೊಂಡರೆ ಡ್ರ್ಯಾಗನ್‌ಫ್ಲೈ, ಅಂದರೆ ಡ್ರ್ಯಾಗನ್; ತೆಳ್ಳಗಿದ್ದು ರೆಕ್ಕೆ ಮಡಿಸಿಕೊಂಡರೆ ಅದರ ದಾಯಾದಿ ಡ್ಯಾಮ್ಸೆಲ್. ಇದಿಷ್ಟೇ ನನ್ನ ಒಟ್ಟು ಪಾಂಡಿತ್ಯ. ಸಿಟಿ ಬಸ್ಸಿನಲ್ಲಿ ಮೊಣಕೈ ಅಗಲಿಸಿ ಕೂರುವವರು ಡ್ರ್ಯಾಗನ್, ಅವರ ಪಕ್ಕ ಮುದುಡಿ ಕೂರುವ ನಾನು ಡ್ಯಾಮ್ಸೆಲ್ ಎಂದು ನೆನಪಿಟ್ಟುಕೊಂಡಿದ್ದೆ. ಒಮ್ಮೆ ಅತ್ತಿಗೆ ಜೊಂಡಿನೊಳಗೆ ಬಗ್ಗಿ ಹುಡುಕುತ್ತಿದ್ದಾಗ ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ನಿಂತರು.

“ಏನಮ್ಮ ಕಳಕೊಂಡ್ರಿ?”

ಅತ್ತಿಗೆ ತಲೆ ಎತ್ತಲಿಲ್ಲ. “ಇನ್ನೂ ಸಿಕ್ಕೇ ಇಲ್ಲ ಸಾರ್, ಕಳಕೊಳ್ಳೋದು ಎಲ್ಲಿಂದ?”

ಈಗ ನನ್ನ ಸಾಹಸಕ್ಕೆ ಬರೋಣ. ಅತ್ತಿಗೆ ಕಡಕೊಳದ ತವರಿಗೆ ಹೋಗಿದ್ದ ಒಂದು ಸಂಜೆ ನಮ್ಮ ವರಾಂಡದ ಟ್ಯೂಬ್‌ಲೈಟಿನ ಕೆಳಗೆ ಗೋಡೆ ಮೇಲೆ ಒಂದು ಹುಳ ಕೂತಿತ್ತು. ತೆಳ್ಳನೆ ಮೈ, ನಾಲ್ಕು ರೆಕ್ಕೆ, ನಾಲ್ಕೂ ಮಡಿಸಿಕೊಂಡಿವೆ. ಇನ್ನೇನು ಬೇಕು? ಚಿಮಟ ತಂದೆ, ಒಂದು ಕಾಲು ತೆಗೆದೆ, ಸೀಸೆಗೆ ಹಾಕಿದೆ, ಹುಳವನ್ನು ಸಕಲ ಮರ್ಯಾದೆಯೊಂದಿಗೆ ಬೀಳ್ಕೊಟ್ಟೆ. ಫೋಟೋ ಮಾತ್ರ ತೆಗೆಯಲಿಲ್ಲ. ಮೊಬೈಲಿನ ಕ್ಯಾಮೆರಾ ಇನ್ನೂ ನಮ್ಮ ಮನೆ ಹೊಕ್ಕಿರದ ಕಾಲ. ಅತ್ತಿಗೆಯ ಕ್ಯಾಮೆರಾದ ರೀಲನ್ನೆಲ್ಲ ನಾನೇ ಕನ್ನಡಿ ಮುಂದೆ ನಿಂತು ನನ್ನ ಭಂಗಿಗಳಿಗೆ ಮುಗಿಸಿದ್ದೆ.

“ರೆಕ್ಕೆ ಮಡಿಸಿತ್ತೇನೋ?” ಅತ್ತಿಗೆ ಬಂದವರೇ ಕೇಳಿದರು.

“ಮಡಿಸಿತ್ತು ಅತ್ತಿಗೆ, ದೇವರಾಣೆ.”

“ನೀರೇ ಇಲ್ಲದ ಕಡೆ ಡ್ಯಾಮ್ಸೆಲ್ಲಾ!” ಅವರ ಮುಖ ಅರಳಿತು. ನನ್ನ ಸೀಸೆಯೂ ಅವರ ಸೀಸೆಗಳ ಸಾಲಿಗೆ ಸೇರಿತು.

ಕೆಲವು ತಿಂಗಳ ಮೇಲೆ ಬೆಂಗಳೂರಿನಿಂದ ಅಕ್ಷರಗಳು ಓದಿಸಿಕೊಂಡು ಬಂದವು. ಮರ ಬಿಡಿಸಿ ನೋಡಿದರೆ ಡ್ರ್ಯಾಗನ್‌ಗಳೆಲ್ಲ ಒಂದು ಕೊಂಬೆಯಲ್ಲಿ, ಡ್ಯಾಮ್ಸೆಲ್‌ಗಳೆಲ್ಲ ಇನ್ನೊಂದರಲ್ಲಿ ನೆಮ್ಮದಿಯಾಗಿ ಕೂತಿವೆ. ನನ್ನದೊಂದು ಮಾತ್ರ, ಮದುವೆ ಛತ್ರದ ಆಚೆ ನಿಂತ ಅಪರಿಚಿತನಂತೆ, ಯಾರಿಗೂ ಸೇರದೆ ದೂರ ನಿಂತಿದೆ. ಅತ್ತಿಗೆಯ ಪಿಎಚ್‌ಡಿ ಗೈಡ್ ಮೇಷ್ಟ್ರು ಮರ ನೋಡಿ, ಇದರಲ್ಲಿ ಬೇರೆ ಏನೋ ಬೆರೆತಿದೆ, ಒಂದು ಸೀಸೆಯಲ್ಲಿ ಬೆರೆತಿದ್ದರೆ ಮಿಕ್ಕವನ್ನು ನಂಬುವುದು ಹೇಗೆ, ಎಲ್ಲವನ್ನೂ ಮೊದಲಿಂದ ಓದಿಸಿ ಎಂದರಂತೆ. ಎಲ್ಲವನ್ನೂ ಅಂದರೆ ಮದುವೆಗೆ ಮುಂಚಿನಿಂದ ಕೂಡಿಟ್ಟದ್ದೆಲ್ಲವನ್ನೂ. ಆ ದಿನ ಒಗ್ಗರಣೆ ಹಾಕುವಾಗ ಅತ್ತಿಗೆ ಗುನುಗಲಿಲ್ಲ. ನಾನೂ ವಾರ್ತೆ ಓದಲಿಲ್ಲ.

ಮಾರನೇ ದಿನ ನಾನೇ ಅವರ ಜೊತೆ ಹೊರಟೆ. ಲ್ಯಾಬಿನಲ್ಲಿ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು.

“ಫೋಟೋ ಇಲ್ಲ. ಹುಳ ಇಲ್ಲ. ಹೆಂಗೆ ಕೂತಿತ್ತು ಅಂತನಾದ್ರೂ ಹೇಳಪ್ಪ.”

ಹೇಳುವುದಕ್ಕಿಂತ ಮಾಡಿ ತೋರಿಸುವುದು ನನಗೆ ಸುಲಭ. ಗೋಡೆಗೆ ಅಂಟಿ ನಿಂತೆ. ಎರಡು ಕೈಯನ್ನೂ ಗುಡಿಸಲ ಸೂರಿನ ಹಾಗೆ ಬೆನ್ನ ಮೇಲೆ ಇಳಿಬಿಟ್ಟೆ. ಹಾರಿಹೋದ ರೀತಿಯನ್ನೂ ತೋರಿಸಿದೆ: ಆಗ ತಾನೇ ಸೈಕಲ್ ಕಲಿತವನ ಹಾಗೆ ಓಲಾಡುತ್ತಾ. ಕೊನೆಗೆ ಹಣೆಯ ಮೇಲೆ ಎರಡು ಬೆರಳು ಉದ್ದಕ್ಕೆ ನಿಲ್ಲಿಸಿ ಆಡಿಸಿದೆ.

“ತಡಿ,” ಎಂದರು ಅತ್ತಿಗೆ. “ಹಣೆ ಮೇಲೆ ಅದೇನೋ?”

“ಮೀಸೆ ಅತ್ತಿಗೆ. ಇಷ್ಟುದ್ದ ಇತ್ತು. ತುದಿ ದಪ್ಪ.”

ಅತ್ತಿಗೆಯೂ ಮೇಷ್ಟ್ರೂ ಒಬ್ಬರನ್ನೊಬ್ಬರು ನೋಡಿದರು. ಡ್ಯಾಮ್ಸೆಲ್‌ನ ಮೀಸೆ ಕಣ್ಣಿಗೆ ಕಂಡರೆ ಹೆಚ್ಚು, ಅಷ್ಟು ಗಿಡ್ಡ. ನನ್ನದು ಬೇರೆಯೇ ಬಳಗ: ಮರಿಯಾಗಿದ್ದಾಗ ಮಣ್ಣಿನಲ್ಲಿ ಗುಳಿ ತೋಡಿ ಇರುವೆ ಬೀಳಿಸಿ ತಿನ್ನುವ ಹುಳ, ರೆಕ್ಕೆ ಬಂದ ಮೇಲೆ ಹೀಗೆ ಕಾಣುತ್ತದಂತೆ. ಅಂದರೆ ಏನೂ ಬೆರೆತಿರಲಿಲ್ಲ. ಅತ್ತಿಗೆ ಓದಿಸಿದ ಪ್ರತಿ ಅಕ್ಷರವೂ ಸರಿ. ಹೊರಗಿನವನನ್ನು ಮರ ಹೊರಗೇ ನಿಲ್ಲಿಸಿತ್ತು.

ಮೇಷ್ಟ್ರು ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು. “ಮತ್ತೇನೂ ಓದಿಸೋದು ಬೇಡ, ಥೀಸಿಸ್ ಬರೆಯೋಕ್ಕೆ ಶುರು ಮಾಡಿ,” ಎಂದರು. ಆಮೇಲೆ ನನ್ನ ಕಡೆ ಕೈ ತೋರಿಸಿ, “ಅಲ್ಲಮ್ಮ, ಇಂಥ ಕೆಲಸಕ್ಕೆ ಈ ಕೋಡಂಗಿನೇ ಸಿಕ್ಕಿದ್ನಾ ನಿಮಗೆ? ಇನ್ಮೇಲೆ ಚಿಮಟ ಇವನ ಕೈಗೆ ಕೊಡಬೇಡಿ.”

ನಾನೂ ಹೌದೆಂದು ತಲೆ ಆಡಿಸಿದೆ. ಅತ್ತಿಗೆ ಆಡಿಸಲಿಲ್ಲ. ಮರದ ಹಾಳೆಯನ್ನು ಮಡಿಸುತ್ತಾ ಹೇಳಿದರು:

“ನಾನು ಮದುವೆಯಾಗಿ ಬಂದಾಗ ನನ್ನ ಸೀಸೆ ನೋಡಿ ಆ ಮನೇಲಿ ಎಲ್ಲರೂ ನಕ್ರು ಸಾರ್, ಇವನೂ ನಕ್ಕ. ನಕ್ಕಾದ ಮೇಲೆ, ‘ಅದರ ಹೆಸರೇನು ಅತ್ತಿಗೆ?’ ಅಂತ ಕೇಳಿದವನು ಇವನೊಬ್ಬನೇ.”