ಕಿವಿಯ ಬೂಚು ಮತ್ತು ಹಿಂದಿನ ಸೀಟಿನ ಹ್ಞೂಂ

ಕಣ್ಣಿಗೆ ರೆಪ್ಪೆ ಕೊಟ್ಟ ದೇವರು ಬಾಯಿಗೆ ತುಟಿ ಕೊಟ್ಟ, ಕಿವಿಗೆ ಮಾತ್ರ ಬಾಗಿಲು ಇಡುವುದನ್ನು ಮರೆತ ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಅವನು ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಯಾಕೆಂದರೆ ಆ ಬಾಗಿಲನ್ನು ನಾನು ಕೈಯಾರೆ ಮುಚ್ಚಿ ನೋಡಿದ್ದೇನೆ. ಮುಚ್ಚಿದ ಮೇಲೆ ಒಳಗೆ ಯಾರಿರುತ್ತಾರೆ ಎಂಬುದನ್ನೂ ಕೇಳಿಸಿಕೊಂಡಿದ್ದೇನೆ. ನಗುವವರು ನಗಲಿ. ಮೊದಮೊದಲು ನಾನೂ ನಕ್ಕವನೇ.

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ನನ್ನದೊಂದು ಪಂಪು, ಮೋಟಾರು ರಿಪೇರಿಯ ಅಂಗಡಿ ಇದೆ. ಅಂಗಡಿ ಎನ್ನುವುದು ಬೋರ್ಡಿನ ಮೇಲಿನ ಮಾತು. ನನ್ನ ನಿಜವಾದ ಅಂಗಡಿ ನನ್ನ ಎರಡು ಕಿವಿ. ತೆರೆದ ಬಾವಿಯ ಪಂಪಾಗಲಿ, ಹಿಟ್ಟಿನ ಗಿರಣಿಯ ಮೋಟಾರಾಗಲಿ, ಅದು ಓಡುತ್ತಿರುವಾಗಲೇ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಹಚ್ಚಿ ಹಿಡಿಕೆಯನ್ನು ಕಿವಿಗೆ ಒತ್ತಿಕೊಳ್ಳುತ್ತೇನೆ. ಒಳಗಿನ ಬೇರಿಂಗ್ ತನ್ನ ಕಷ್ಟಸುಖವನ್ನೆಲ್ಲ ಹೇಳಿಕೊಳ್ಳುತ್ತದೆ. ಗ್ರೀಸು ಒಣಗಿದ್ದರೆ ಒಂದು ದನಿ, ಗುಂಡು ಸವೆದಿದ್ದರೆ ಇನ್ನೊಂದು. ಮೋಟಾರು ಬಿಚ್ಚದೆಯೇ ಇಷ್ಟು ದಿನ ಬಾಳುತ್ತದೆ ಎಂದು ಹೇಳಿಬಿಡುತ್ತಿದ್ದೆ. ತಿಕೋಟಾ, ಬಬಲೇಶ್ವರದ ಕಡೆಯವರೆಲ್ಲ ನನ್ನನ್ನು ಕಿವಿ ಮಲ್ಲಪ್ಪ ಎಂದೇ ಕರೆಯುವುದು. ಕೆಲವರ ಹೆಸರಿನ ಮುಂದೆ ಡಿಗ್ರಿ ಇರುತ್ತದೆ, ನನ್ನ ಹೆಸರಿನ ಮುಂದೆ ಕಿವಿ ಇದೆ ಎಂದು ಹೆಮ್ಮೆಪಡುತ್ತಿದ್ದೆ.

ಆ ಕಿವಿಗೆ ಗೆದ್ದಲು ಹಿಡಿಯಿತು. ದಿನಾ ಮೋಟಾರ್ ಸೈಕಲ್ಲಿನ ಮೇಲೆ ಊರೂರು ಸುತ್ತಿ ಸಂಜೆ ಹೆಲ್ಮೆಟ್ ತೆಗೆದರೆ ಕಿವಿಯೊಳಗೆ ಜುಂಯ್ ಎಂಬ ಒಂದೇ ಸಮನೆಯ ಸದ್ದು. ಮೊದಲು ಊಟದ ಹೊತ್ತಿಗೆ ಅದು ಅಡಗುತ್ತಿತ್ತು. ಆಮೇಲೆ ನನ್ನ ಜೊತೆಗೇ ಮಲಗಿ ನನ್ನ ಜೊತೆಗೇ ಏಳತೊಡಗಿತು. ಒಂದು ದಿನ ಕಾಖಂಡಕಿಯ ಒಬ್ಬ ಗೌಡರ ಬಾವಿಯ ಪಂಪಿಗೆ ಸ್ಕ್ರೂಡ್ರೈವರ್ ಹಚ್ಚಿದರೆ ಬೇರಿಂಗಿನ ಮಾತು ಕೇಳಲೇ ಇಲ್ಲ, ಬರೀ ನನ್ನ ಜುಂಯ್. ಕೇಳಲಿಲ್ಲ ಎನ್ನಲು ಕಿವಿ ಮಲ್ಲಪ್ಪನಿಗೆ ನಾಲಿಗೆ ಹೊರಳಬೇಕಲ್ಲ. ಚೆನ್ನಾಗಿದೆ, ಈ ಬೇಸಿಗೆ ದಾಟುತ್ತದೆ ಎಂದೆ. ನಾಲ್ಕನೆಯ ದಿನ ಬೇರಿಂಗ್ ಒಡೆದು ಮೋಟಾರು ಸುಟ್ಟುಹೋಯಿತು. ಕರೆಂಟಿನ ತಪ್ಪು ಎಂದೆ. ಗೌಡರು ಮರುಮಾತಿಲ್ಲದೆ ನಂಬಿದರು. ಅವರು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮನೆಯಲ್ಲೂ ಇದೇ ಕಥೆ. ನನ್ನ ಹೆಂಡತಿ ಶಾಂತವ್ವನ ದನಿ ಮೊದಲೇ ಮೆತ್ತಗಿನದು. ಅವಳ ತುಟಿ ಅಲ್ಲಾಡಿದರೆ ನಾನು ಹ್ಞೂಂ ಎನ್ನುವುದನ್ನು ರೂಢಿಮಾಡಿಕೊಂಡೆ. ಹ್ಞೂಂ ಬಹಳ ಉಪಕಾರಿ, ಎಲ್ಲ ಬೀಗಕ್ಕೂ ಆಗುವ ಕೀಲಿ. ಆದರೆ ಕೆಲವು ಬೀಗ ತೆರೆಯಬಾರದು. ತಲೆಬಾಗಿಲಿಗೆ ಗಿಳಿಹಸಿರು ಬಣ್ಣ ಬಳಿಸೋಣವೇ ಎಂದದ್ದಕ್ಕೆ ನಾನು ಹ್ಞೂಂ ಅಂದಿದ್ದೇನೆ ಎಂದು ಬಣ್ಣ ಒಣಗಿದ ಮೇಲೆ ಗೊತ್ತಾಯಿತು. ಇನ್ನೊಂದು ದಿನ ಕನ್ನಡಿಯ ಮುಂದೆ ನಿಂತು, ನನಗೆ ವಯಸ್ಸಾದಂತೆ ಕಾಣುತ್ತದೆಯೇ ಎಂದು ಕೇಳಿದಳಂತೆ. ಅದಕ್ಕೂ ಅದೇ ಉತ್ತರ. ಮೂರು ದಿನ ಸಾರಿಗೆ ಉಪ್ಪು ಯಾಕಿರಲಿಲ್ಲ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು.

ಕಡೆಗೆ ಬಿಪಿ ತೋರಿಸಿಕೊಂಡು ಬರುತ್ತೇನೆಂದು ಸುಳ್ಳು ಹೇಳಿ ಕಿವಿಯ ಡಾಕ್ಟರ ಬಳಿ ಹೋದೆ. ಮೋಟಾರುಗಳ ಸದ್ದಿನಿಂದ ಹೀಗಾಯಿತೇ ಎಂದು ಕೇಳಿದರೆ ಅವರು ಹೊರಗೆ ನಿಂತಿದ್ದ ನನ್ನ ಗಾಡಿಯ ಕಡೆ ಕೈತೋರಿಸಿದರು. ಗಾಡಿ ಓಡುವಾಗ ಹೆಲ್ಮೆಟ್ಟಿನ ಸುತ್ತ ಗಾಳಿ ಮೊರೆಯುತ್ತದಲ್ಲ, ಇಷ್ಟು ವರ್ಷ ಅದೇ ಕಿವಿಯನ್ನು ತಿಂದದ್ದಂತೆ. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಿ, ಗಾಡಿ ಮೇಲೆ ಇಯರ್ ಪ್ಲಗ್ ಹಾಕಿಕೊಳ್ಳಿ ಎಂದರು. ಅದರಲ್ಲೂ ಸಣ್ಣ ತೂತಿರುವಂಥದ್ದನ್ನೇ ಆರಿಸಿ, ಅದು ಗಾಳಿಯ ಮೊರೆತವನ್ನು ತಗ್ಗಿಸಿ ಹಾರ್ನು, ಮಾತು ಒಳಗೆ ಬಿಡುತ್ತದೆ ಎಂದು ಎರಡು ಸಲ ಹೇಳಿದರು. ನಾನು ಹ್ಞೂಂ ಅಂದೆ.

ನಮ್ಮ ಮನೆ ಇರುವ ಜೋರಾಪುರ ಪೇಟೆಯಲ್ಲೇ ಒಂದು ಔಷಧದ ಅಂಗಡಿಗೆ ಹೋಗಿ ಕಿವಿಯ ಬೂಚು ಕೊಡಿ ಎಂದೆ. ಅಂಗಡಿಯವರು ಮೊದಲು ಕೇಳಿದ್ದು ಮನೆಯಲ್ಲಿ ಯಾರು ಗೊರಕೆ ಹೊಡೆಯುತ್ತಾರೆ ಎಂದು. ಆಮೇಲೆ ಎರಡು ಜಾತಿಯ ಬೂಚು ಮುಂದಿಟ್ಟರು. ಒಂದು ರಬ್ಬರಿನದು, ನಡುವೆ ಸೂಜಿಮೊನೆಯಷ್ಟು ತೂತು. ಇನ್ನೊಂದು ಹಳದಿ ಸ್ಪಂಜಿನದು. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟರೆ ಉಬ್ಬಿ ಪೂರಾ ಬಿಗಿದುಕೊಳ್ಳುತ್ತದೆ. ಪೈಪಿನ ತೂತು ಮುಚ್ಚುತ್ತಲೇ ಆಯುಷ್ಯ ಕಳೆದವನು ನಾನು, ತೂತಿದ್ದ ಸಾಮಾನನ್ನು ಕೈಯಾರೆ ಕೊಳ್ಳುತ್ತೇನೆಯೇ? ಮುಚ್ಚಿದರೆ ಪೂರಾ ಮುಚ್ಚಬೇಕು. ಹಳದಿಯದನ್ನೇ ತಂದೆ.

ಮರುದಿನ ಬಬಲೇಶ್ವರದ ದಾರಿಯಲ್ಲಿ ಅದನ್ನು ಹಾಕಿಕೊಂಡೆ. ಗಾಳಿ ನಿಂತುಹೋಯಿತು. ಮೊದಲು ಹಿತವೆನಿಸಿತು, ಎರಡು ಮೈಲಿ ದಾಟುವಷ್ಟರಲ್ಲಿ ಹೆಲ್ಮೆಟ್ಟಿನೊಳಗೆ ಯಾರೋ ಉಸಿರಾಡುತ್ತಿರುವುದು ಕೇಳಿತು. ನನ್ನದೇ ಉಸಿರು ಎಂದು ನನಗೆ ಗೊತ್ತು. ಆದರೂ ಒಮ್ಮೆ ಉಸಿರು ಬಿಗಿಹಿಡಿದು, ಅದೂ ನಿಲ್ಲುತ್ತದೆಯೇ ಎಂದು ಪರೀಕ್ಷೆ ಮಾಡಿದೆ. ನಿಂತಿತು, ಆದರೆ ನನಗಿಂತ ಒಂದು ಚಣ ತಡವಾಗಿ ನಿಂತಂತೆ ಅನ್ನಿಸಿತು. ಎದುರಿಗೆ ಲಾರಿ ಬಂದದ್ದು ಸದ್ದಿಲ್ಲದೆ, ಪಕ್ಕದಲ್ಲಿ ಹಾಯ್ದು ಹೋದದ್ದೂ ಸದ್ದಿಲ್ಲದೆ. ರಸ್ತೆ ದಾಟುವ ಕುರಿಗಳೆಲ್ಲ ನನ್ನ ಕಡೆ ಮುಖಮಾಡಿ ಬಾಯಿ ತೆರೆದವು, ಒಂದರ ಬಾಯಿಂದಲೂ ದನಿ ಬರಲಿಲ್ಲ. ಹಗಲಲ್ಲೇ ಮೈ ಜುಮ್ಮೆಂದಿತು. ಅಂದು ಸಂಜೆ ಮಾತ್ರ ಕಿವಿಯ ಜುಂಯ್ ಸ್ವಲ್ಪ ತಗ್ಗಿತ್ತು, ಅದೇ ಆಸೆಗೆ ಬೂಚು ಬಿಡಲಿಲ್ಲ.

ಇಷ್ಟಾದ ಮೇಲೆ ತಿಕೋಟಾದಲ್ಲಿ ಶಾಂತವ್ವನ ತಂಗಿಯ ಮಗಳ ಕುಬಸ ಬಂತು. ಬಸುರಿಗೆ ಉಡಿ ತುಂಬಿ, ಉಂಡು, ಬಿಸಿ ಹೋಳಿಗೆಯ ದೊಡ್ಡ ಡಬ್ಬಿ ಕಟ್ಟಿಸಿಕೊಂಡು ಇಬ್ಬರೂ ಗಾಡಿ ಹತ್ತಿದಾಗ ಮಟಮಟ ಮಧ್ಯಾಹ್ನ, ಹೆಲ್ಮೆಟ್ಟಿನೊಳಗೆ ನನ್ನ ಕಿವಿಗೆ ಬೂಚು. ಊರು ದಾಟಿ, ಒಣದ್ರಾಕ್ಷಿ ಮಾಡುವ ಶೆಡ್ಡುಗಳನ್ನು ದಾಟುವಾಗ ಅವಳು ಬೆನ್ನು ತಟ್ಟಿದಳು. ಚಪ್ಪಲಿಯ ಉಂಗುಟ ಕಿತ್ತಿತ್ತು. ಗಾಡಿ ನಿಲ್ಲಿಸಿದೆ. ಅವಳು ಇಳಿದು ಡಬ್ಬಿಯ ಚೀಲವನ್ನು ಸೀಟಿನ ಮೇಲಿಟ್ಟು, ಹಿಡಿಕೆಗಳನ್ನು ಹಿಂದಿನ ಕಂಬಿಗೆ ಸಿಕ್ಕಿಸಿ, ಉಂಗುಟಕ್ಕೆ ಪಿನ್ನು ಚುಚ್ಚಲು ಬಗ್ಗಿದ್ದಳು. ಇದೆಲ್ಲ ಆಮೇಲೆ ತಿಳಿದದ್ದು. ನನಗೆ ತಿಳಿದದ್ದು ಇಷ್ಟೇ: ಗಾಡಿ ಜಗ್ಗಿತು, ಬೆನ್ನಿಗೆ ಬೆಚ್ಚಗೆ ಏನೋ ಒರಗಿತು. ಕುಳಿತೆಯಾ ಎಂದು ಕೇಳಿದೆ. ಹ್ಞೂಂ ಎಂದು ಕೇಳಿಸಿತು. ಹೊರಟೆ.

ಸ್ವಲ್ಪ ದೂರ ಹೋಗಿರಬೇಕು, ಹಿಂದಿನಿಂದ ಯಾರೋ ನನ್ನನ್ನು ಕರೆದರು. "ಮಲ್ಲಪ್ಪಾ..." ಎಷ್ಟೋ ದೂರದಿಂದ, ಬಾವಿಯ ತಳದಿಂದ ಬಂದಂತೆ, ಒಂದು ಹೆಣ್ಣು ದನಿ. ಹೆಂಡತಿ ಬೆನ್ನಿಗೊರಗಿ ಕುಳಿತಿದ್ದಾಳೆ, ಮೇಲಾಗಿ ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದಲ್ಲಿ ಅವಳು ನನ್ನ ಹೆಸರು ಹಿಡಿದವಳಲ್ಲ. ರೀ ಎನ್ನುವುದೇ ನನ್ನ ಹೆಸರು. ನಮ್ಮ ಅಜ್ಜಿ ಹೇಳುತ್ತಿದ್ದಳು: ಮಧ್ಯಾಹ್ನದ ಹೊತ್ತು ಬಯಲುದಾರಿಯಲ್ಲಿ ಹಿಂದಿನಿಂದ ಹೆಸರು ಹಿಡಿದು ಕರೆದರೆ ಓ ಅನ್ನಬೇಡ, ತಿರುಗಿಯೂ ನೋಡಬೇಡ, ಮೂರನೆಯ ಕರೆಗೆ ಕಾಯಿ, ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ, ದೆವ್ವಕ್ಕೆ ಎರಡರಾಚೆ ಎಣಿಸಲು ಬರುವುದಿಲ್ಲ. ನಾನು ಕಾಯ್ದೆ. "ಮಲ್ಲಪ್ಪಾ..." ಎರಡನೆಯದು ಮೊದಲನೆಯದಕ್ಕಿಂತ ಹತ್ತಿರದಿಂದ ಬಂತು. ಮೂರನೆಯದು ಬರಲೇ ಇಲ್ಲ. ನಾನು ಎಕ್ಸಲರೇಟರ್ ತಿರುವಿದೆ.

ಹೆದರಿಕೆಯಾದಾಗ ಕೆಲವರು ಹಾಡುತ್ತಾರೆ, ನಾನು ಮಾತಾಡುತ್ತೇನೆ. ಅಂದು ಏನು ಮಾತಾಡಲೂ ತೋಚದೆ ಇದ್ದದ್ದನ್ನೇ ಹೇಳಿಬಿಟ್ಟೆ. ಕಿವಿ ಹೋಗುತ್ತಿದೆ ಎಂದೆ. ಹಿಂದಿನಿಂದ ಹ್ಞೂಂ. ಬಿಪಿ ಅಂದದ್ದು ಸುಳ್ಳು, ಕಿವಿಯ ಡಾಕ್ಟರ ಬಳಿ ಹೋಗಿದ್ದೆ ಎಂದೆ. ಹ್ಞೂಂ. ಕಾಖಂಡಕಿಯ ಮೋಟಾರು ಕರೆಂಟಿನಿಂದ ಸುಡಲಿಲ್ಲ, ನನ್ನಿಂದ ಸುಟ್ಟಿತು, ನಾಳೆ ಇದೇ ಸುದ್ದಿ ಊರೂರಿಗೆ ಮುಟ್ಟಿದರೆ ಅಂಗಡಿ ಮುಚ್ಚಿಕೊಂಡು ಏನು ಮಾಡಲಿ ಎಂದು ಕೇಳುವಾಗ ನನ್ನ ಕಣ್ಣಲ್ಲಿ ನೀರು ಬಂತು. ಅದಕ್ಕೂ ಹ್ಞೂಂ. ಬೆನ್ನಿನ ಬಿಸುಪು ಇನ್ನಷ್ಟು ಒತ್ತಿಕೊಂಡಿತು. ಎಂಥ ತಾಳ್ಮೆಯ ಹೆಂಗಸು, ಒಂದು ಮಾತು ಆಡದೆ ಕೇಳಿದಳಲ್ಲ ಎಂದು ಎದೆ ಹಗುರಾಯಿತು. ಊರು ಬಂತು. ಗಿಳಿಹಸಿರು ಬಾಗಿಲ ಮುಂದೆ ಗಾಡಿ ನಿಲ್ಲಿಸಿ, ಇಳಿ ಎಂದೆ. ಇಳಿಯಲಿಲ್ಲ. ತಿರುಗಿ ನೋಡಿದರೆ ಸೀಟಿನ ಮೇಲೆ ಹೋಳಿಗೆಯ ಡಬ್ಬಿ.

ಬೂಚು ಕಿತ್ತಾಗ ಓಣಿಯ ಸದ್ದೆಲ್ಲ ಒಮ್ಮೆಲೇ ಮೈಮೇಲೆ ಬಿತ್ತು, ಕಿಸೆಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಅವಳು ಹನ್ನೊಂದು ಸಲ ಮಾಡಿದ್ದಳು. ಟಂಟಂ ಆಟೋ ಹತ್ತಿ ಬರುತ್ತಿದ್ದೇನೆ, ಅಲ್ಲೇ ಇರಿ ಎಂದಷ್ಟೇ ಹೇಳಿ ಇಟ್ಟಳು. ಬಂದವಳು ಬೈಯಲಿಲ್ಲ. ಚಪ್ಪಲಿ ಬಿಟ್ಟು, ನೀರು ಕುಡಿದು, ನನ್ನೆದುರಿಗೆ ಕುಳಿತಳು. ಬೈಗುಳಕ್ಕೆ ತಯಾರಾದವನಿಗೆ ಇದಕ್ಕಿಂತ ಭಯದ್ದು ಇನ್ನೊಂದಿಲ್ಲ. ನಾನು ಬೂಚು ತೋರಿಸಿದೆ. ಹೆಸರು ಕೇಳಿಸಿದ್ದು, ಅಜ್ಜಿಯ ಮಾತು ನೆನೆದು ಎರಡು ಸಲ ಕರೆದರೂ ಓಗೊಡದೆ ಬಂದದ್ದು, ಎಲ್ಲ ಹೇಳಿದೆ.

"ರೀ ರೀ ಅಂತ ಒದರಿದೆ, ನೀವು ತಿರುಗಲಿಲ್ಲ," ಎಂದಳು. "ಕಡೀಕ ಹೆಸರ ಹಿಡದ ಕರದೆ. ಶೆಡ್ಡಿನ್ಯಾಗಿನ ಹೆಣ್ಮಕ್ಕಳು ಹೊರಗ ಬಂದು ನಕ್ಕರು. ಆದ್ರ ನಾ ಕರದದ್ದು ಒಂದ ಸಲ."

ಎರಡು ಸಲ ಎಂದೆ. ಒಂದೇ ಸಲ ಎಂದಳು. ಆ ಸುದ್ದಿ ಅಲ್ಲಿಗೇ ಬಿಟ್ಟು ದಾರಿಯಲ್ಲಿ ನನಗೆ ಹ್ಞೂಂ ಅಂದವರು ಯಾರು ಎಂದು ಕೇಳಿದೆ. ಏನು ಮಾತಾಡಿದಿರಿ ಎಂದಳು. ಡಬ್ಬಿಗೆ ಹೇಳಿದ್ದನ್ನೆಲ್ಲ ಅವಳಿಗೆ ಇನ್ನೊಮ್ಮೆ ಹೇಳಬೇಕಾಯಿತು. ಎದುರಿಗೆ ಮುಖವಿದ್ದಾಗ ಹೇಳುವುದು ಎಷ್ಟು ಕಷ್ಟ. ಅವಳು ನಡುವೆ ಒಮ್ಮೆಯೂ ಹ್ಞೂಂ ಎನ್ನಲಿಲ್ಲ. ಮುಗಿದ ಮೇಲೆ ನನ್ನ ಕೈಯಿಂದ ಆ ಹಳದಿ ಬೂಚುಗಳನ್ನು ತೆಗೆದುಕೊಂಡಳು.

"ಮಾತಿಗೊಮ್ಮೆ ಹ್ಞೂಂ ಅನ್ನೋದು ನಿಮಗ ರೂಢಿ ಬಿದ್ದದ. ಕಿವಿ ಮುಚ್ಚಿದ್ದಕ್ಕ ನಿಮ್ಮ ಹ್ಞೂಂ ನಿಮಗ ಹಿಂದ ಕುಂತವರು ಅಂದಂಗ ಕೇಳೇದ, ಅಷ್ಟ," ಎಂದಳು. "ಬರೇ ಹ್ಞೂಂ ಅನ್ನೋದರ ಕೂಡ ಅರ್ಧಾ ತಾಸು ಬಂದು ಇಷ್ಟು ಅಂಜೀರಲ್ರಿ. ನಾ ವರ್ಷ ಆತು, ಅದರ ಕೂಡ ಸಂಸಾರ ಮಾಡಾಕತ್ತೇನಿ."

ಅಂದೇ ಸಂಜೆ ಹೋಗಿ ತೂತಿನ ಬೂಚು ತಂದೆ, ಅವಳೇ ನಿಂತು ಆರಿಸಿದಳು. ಕಾಖಂಡಕಿಗೂ ಹೋಗಿ ಇದ್ದದ್ದು ಇದ್ದಂತೆ ಹೇಳಿ, ಮೋಟಾರಿಗೆ ನನ್ನ ಖರ್ಚಿನಲ್ಲೇ ಹೊಸ ತಂತಿ ಸುತ್ತಿ ಕಟ್ಟಿಕೊಟ್ಟೆ. ಗೌಡರು, ಇನ್ನು ಮುಂದೆ ಬಿಚ್ಚಿ ನೋಡಿಯೇ ಹೇಳು ಎಂದರು. ಶಾಂತವ್ವನಿಗೂ ಆಣೆ ಮಾಡಿದೆ: ಕೇಳದಿದ್ದರೆ ಕೇಳಲಿಲ್ಲ ಎನ್ನುತ್ತೇನೆ, ಕೇಳಿದರೆ ಕೇಳಿತು ಎನ್ನುತ್ತೇನೆ, ಕಿವಿಯ ವಿಷಯದಲ್ಲಿ ಇನ್ನು ಸುಳ್ಳಿಲ್ಲ.

ಕೂಸು ಹುಟ್ಟಿದ ಮೇಲೆ ನೋಡಲು ಮತ್ತೆ ತಿಕೋಟಾಕ್ಕೆ ಹೋಗಿದ್ದೆವು. ತಿರುಗಿ ಬರುವಾಗ ಅದೇ ಹೊತ್ತು, ಅದೇ ಶೆಡ್ಡುಗಳು. ಈ ಸಲ ಅವಳು ನನ್ನ ಅಂಗಿಯನ್ನು ಗಟ್ಟಿಯಾಗಿ ಹಿಡಿದು ಕುಳಿತಿದ್ದಳು, ಡಬ್ಬಿ ಅವಳ ತೊಡೆಯ ಮೇಲಿತ್ತು. ಹೊಸ ಬೂಚಿನ ತೂತಿನಿಂದ ಅವಳ ಮಾತು ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಕೂಸಿನ ಮೂಗು ಯಾರಂತಿದೆ ಎಂದು ಹೇಳುತ್ತಿದ್ದವಳು ನಡುವೆಯೇ ನಿಲ್ಲಿಸಿದಳು. ಆಗ ಹಿಂದಿನಿಂದ, ಅವಳಿಗಿಂತಲೂ ಹಿಂದಿನಿಂದ, ಸ್ಪಷ್ಟವಾಗಿ ಒಂದು ಸಲ ನನ್ನ ಹೆಸರು ಬಂತು. ನಾನು ತಿರುಗಲಿಲ್ಲ. ಅಂಗಿಯ ಮೇಲಿನ ಅವಳ ಹಿಡಿತ ಬಿಗಿಯಾಯಿತು.

"ರೀ," ಎಂದಳು ಮೆತ್ತಗೆ. "ನಿಮಗೂ ಕೇಳ್ತೇನು?"

ಒಂದು ವರ್ಷ ಕೇಳದ್ದನ್ನೆಲ್ಲ ಕೇಳಿತು ಎಂದವನು ನಾನು. ಏನೂ ಕೇಳಲಿಲ್ಲ ಎಂದು ಹೇಳಿ ಗಾಡಿ ಓಡಿಸಿದೆ.